ನಲವತ್ತೊಂದನೇ ನಂಬರಿನ ಮೇಸ್ತ್ರಿ

6 ಜನವರಿ

ರಿಪೇರಿ ಕೈಪಿಡಿ, ಏಳನೆಯ ಹಾಗೂ ಕೊನೆಯ ಮುದ್ರಣಕ್ಕಾಗಿ ವಿಚಾರಣೆ. ಖಾಲಿ ಜಾಗ ತುಂಬಿ ಈ ಕಾರ್ಡನ್ನು ಹಿಂದಿರುಗಿಸಿ. ಉತ್ತರ ಬಾರದ ನಮೂದುಗಳನ್ನು ತೆಗೆಯಲಾಗುವುದು.

ಹೆಸರು: ಗುಬ್ಬಚ್ಚಿ ಮೇಸ್ತ್ರಿ
ಕಸುಬು: ಚಾವಿ ಕೊಟ್ಟರೆ ಓಡುವ ತಗಡಿನ ಆಟಿಕೆಗಳ ರಿಪೇರಿ
ವಿಳಾಸ: ಮೆಟ್ಟಿಲು ಬೀದಿ, 41. ಬದಲಾಗಿಲ್ಲ.
ಈಗಲೂ ಕೆಲಸ ಮಾಡುತ್ತಿದ್ದೀರಾ: ಹೌದು.
ಇತರೆ ವಿಷಯ: ದಯವಿಟ್ಟು ತೆಗೆಯಬೇಡಿ.


20 ಜನವರಿ

ಗುಬ್ಬಚ್ಚಿ ಮೇಸ್ತ್ರಿಗಳಿಗೆ ನಮಸ್ಕಾರ.

ನಿಮ್ಮ ಕಾರ್ಡು ತಲುಪಿತು. ಈ ಸಲ ಆರುನೂರ ಹನ್ನೆರಡು ಕಾರ್ಡು ಹೋಗಿದ್ದವು. ಈವರೆಗೆ ಮುನ್ನೂರ ತೊಂಬತ್ತು ತಿರುಗಿ ಬಂದಿವೆ. ಮುನ್ನೂರ ಎಂಬತ್ತೊಂಬತ್ತನ್ನು ಕೂತು ಓದಿದೆ. ನಿಮ್ಮದನ್ನು ಓದುವಾಗ ಮಾತ್ರ ಎದ್ದು ನಿಂತಿದ್ದೆ.

ಹಿಂದಿನ ಮುದ್ರಣಗಳಿಗೆಲ್ಲ ಯಾರಿಗೆ ಕಾರ್ಡು ಹೋಗಬೇಕು ಅನ್ನುವುದನ್ನು ನಾನೇ ನೋಡಿಕೊಂಡವನು. ನಿಮಗೆ ಒಮ್ಮೆಯೂ ಕಳಿಸಿರಲಿಲ್ಲ. ಕಾರಣ ಇತ್ತು, ಇರಲಿ. ಈ ಸಲ ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ವಾರ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದೆ. ತಮ್ಮನ ಮಗಳು ಬಂದವಳೇ ಪುಸ್ತಕ ಮುಂದಿಟ್ಟುಕೊಂಡು ಮೊದಲ ಪುಟದಿಂದ ಕೊನೆಯವರೆಗೆ ಎಲ್ಲ ವಿಳಾಸಕ್ಕೂ ಕಾರ್ಡು ಬರೆದು ಹಾಕಿದಳು. "ಒಬ್ಬರನ್ನೂ ಬಿಟ್ಟಿಲ್ಲ ದೊಡ್ಡಪ್ಪ" ಅಂದಳು. "ಬಿಡಬೇಕಾದವರೂ ಇರ್ತಾರೆ ಕಣೇ" ಅಂದೆ. "ಹಾಗಾದ್ರೆ ಪುಸ್ತಕದಲ್ಲಿ ಯಾಕೆ ಹಾಕಿದ್ರಿ?" ಅಂತ ಕೇಳಿದಳು. ಕುಡಿಯಲು ನೀರು ಕೇಳಿದೆ.

ನನ್ನ ವಿಷಯ ಎರಡು ಮಾತು. ಎಲ್ಲರೂ ನನ್ನನ್ನು ಪಟ್ಟಿ ಅನ್ನುತ್ತಾರೆ. ಕೈಪಿಡಿ, ವಿಳಾಸ ಪುಸ್ತಕ, ಬಿಡಿಭಾಗಗಳ ಕ್ಯಾಟಲಾಗು, ಇಂಥವನ್ನು ಮಾತ್ರ ಮಾರುವ ಅಂಗಡಿ ನನ್ನದು. ಬೀಗ ಕೂಡಿಡುವವನಿಗೆ ಬೀಗದ ಪುಸ್ತಕ, ಹಾವಸೆ ನೋಡುವವನಿಗೆ ಹಾವಸೆಯ ಪುಸ್ತಕ. ಕಥೆ ಕಾದಂಬರಿ ಕೇಳಿ ಬಂದವರನ್ನು ಎದುರಂಗಡಿಗೆ ಕಳಿಸುತ್ತೇನೆ. "ನಿಮ್ಮಲ್ಲಿ ಓದೋಕೆ ಏನೂ ಇಲ್ವಾ?" ಅಂತಾರೆ. "ಇಲ್ಲ, ಹುಡುಕೋಕೆ ಮಾತ್ರ ಇದೆ" ಅಂತೀನಿ. ಎಲ್ಲೂ ಸಿಗದ ರಿಪೇರಿಯವರ ವಿಳಾಸಗಳನ್ನು ಒಟ್ಟು ಮಾಡಿ ನಾನೇ ತಂದದ್ದು ಈ ರಿಪೇರಿ ಕೈಪಿಡಿ ಒಂದೇ. ಅದರ ರಟ್ಟಿನ ಮೇಲೆ "ಪ್ರತಿ ನಮೂದನ್ನೂ ಪರಿಶೀಲಿಸಲಾಗಿದೆ" ಅಂತ ಮೂವತ್ತೊಂದು ವರ್ಷದಿಂದ ಅಚ್ಚು ಹಾಕಿಸುತ್ತಿದ್ದೇನೆ. ನನಗೀಗ ಎಪ್ಪತ್ತೆರಡು. ಇನ್ನೊಂದು ಮುದ್ರಣ ತರುವ ತ್ರಾಣವಿಲ್ಲ. ಈ ಕೊನೆಯ ಸಲವಾದರೂ ಆ ಮಾತು ನೂರಕ್ಕೆ ನೂರು ನಿಜವಾಗಿರಬೇಕು ಅನ್ನುವುದು ನನ್ನ ಹಟ. ಜೂನ್ ಒಂದಕ್ಕೆ ಅಚ್ಚಿಗೆ ಹೋಗುತ್ತದೆ.

ಹಾಗಾಗಿ ಮೂರು ಪ್ರಶ್ನೆ. ಆ ಮನೆಯಲ್ಲಿ ಎಂದಿನಿಂದ ಇದ್ದೀರಿ? ಕೆಲಸ ಕಲಿಸಿದವರು ಯಾರು? ಕೆಲಸಕ್ಕೆ ಯಾವ ಯಾವ ಪುಸ್ತಕ ಇಟ್ಟುಕೊಂಡಿದ್ದೀರಿ? ಮೊದಲೆರಡಕ್ಕೆ ಯಾರು ಏನು ಬೇಕಾದರೂ ಬರೆಯಬಹುದು. ಮೂರನೆಯದಕ್ಕೆ ಸುಳ್ಳು ಹೇಳುವುದು ಕಷ್ಟ. ಒಬ್ಬನ ಮೇಜಿನ ಮೇಲೆ ಯಾವ ಕೈಪಿಡಿ ಇದೆ ಅಂತ ಹೇಳಿ, ಆಸಾಮಿ ಎಂಥವನು ಅಂತ ನಾನು ಹೇಳುತ್ತೇನೆ.

ಇತಿ,
ಪಟ್ಟಿ


3 ಫೆಬ್ರವರಿ

ಪಟ್ಟಿಯವರಿಗೆ,

ಒಂದನೆಯದಕ್ಕೆ: ಮೂವತ್ತು ವರ್ಷ ದಾಟಿತು. ಎರಡನೆಯದಕ್ಕೆ: ಕೈಯೇ ಕಲಿಸಿತು. ಮೂರನೆಯದನ್ನು ವಿವರವಾಗಿ ಬರೆಯುತ್ತೇನೆ.

ಮೊದಲು ಕೊಂಡದ್ದು ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಹಳೆಯ ಆಟಿಕೆ ಕೂಡಿಡುವವರಿಗಾಗಿ ಮಾಡಿದ್ದು. ನಾನೂರು ಬಣ್ಣದ ಚಿತ್ರ. ಯಾವ ಕೋಳಿ ಯಾವ ವರ್ಷದ್ದು, ಎಷ್ಟು ಅಪರೂಪದ್ದು ಎಲ್ಲ ಇತ್ತು. ಕೋಳಿಯ ಹೊಟ್ಟೆ ಬಿಚ್ಚುವುದು ಹೇಗೆ ಅಂತ ಒಂದು ಸಾಲೂ ಇರಲಿಲ್ಲ. ಮದುವೆ ಆಲ್ಬಂ ನೋಡಿ ಸಂಸಾರ ಕಲಿತ ಹಾಗಾಯಿತು.

ಎರಡನೆಯದು ಗಡಿಯಾರ ರಿಪೇರಿಯದು. ಒಳ್ಳೆಯ ಪುಸ್ತಕವೇ. ಆದರೆ ಅದರ ಮೊದಲ ಪಾಠ ಶುರುವಾಗುವುದೇ "ನಿಮ್ಮ ಲೇತ್ ಯಂತ್ರದ ಮುಂದೆ ಕುಳಿತುಕೊಳ್ಳಿ" ಅಂತ. ಆಗ ಇಲ್ಲಿ ಇದ್ದದ್ದು ಒಂದು ಚಿಮಟ, ಒಂದು ಕತ್ತರಿ, ಅಡುಗೆಮನೆಯ ಮೇಜು.

ಮೂರನೆಯದು ಸ್ಪ್ರಿಂಗ್ ಕಾರ್ಖಾನೆಯೊಂದು ತನ್ನ ಗಿರಾಕಿಗಳಿಗೆ ಹಂಚಿದ ಹನ್ನೆರಡು ಪುಟದ ಪಟ್ಟಿ. ಅಗಲ, ದಪ್ಪ, ಉದ್ದ, ಎಷ್ಟು ಸುತ್ತು ತಾಳುತ್ತದೆ, ಅಷ್ಟೇ. ಒಂದು ಚಿತ್ರವಿಲ್ಲ, ಒಂದು ಹೊಗಳಿಕೆಯಿಲ್ಲ. ಅದು ಬಂದ ಮೇಲೆ ದಪ್ಪ ಪುಸ್ತಕ ಬಾಗಿಲು ಬಡಿದುಕೊಳ್ಳದ ಹಾಗೆ ಒತ್ತಿಡಲು ಉಪಯೋಗಕ್ಕೆ ಬಂತು.

ನಾಲ್ಕನೆಯದು ಕೀಟಗಳ ಕೈಪಿಡಿ. ಒಂದು ತಗಡಿನ ಮಿಡತೆ ಬಂದಿತ್ತು. ಚಾವಿ ಕೊಟ್ಟರೆ ಹಾರುವ ಬದಲು ಕುಂಡೆ ಎಳೆಯುತ್ತಿತ್ತು. ಎಷ್ಟು ಬಿಚ್ಚಿದರೂ ತಪ್ಪು ಸಿಗಲಿಲ್ಲ. ನಿಜವಾದ ಮಿಡತೆಯ ಮಂಡಿ ಬೆನ್ನಿಗಿಂತ ಎತ್ತರ ಇರುತ್ತದೆ ಅಂತ ಆ ಪುಸ್ತಕದಲ್ಲಿ ಓದಿದ ಮೇಲೆ ತಿಳಿಯಿತು. ಹಿಂದೆ ರಿಪೇರಿ ಮಾಡಿದ ಯಾರೋ ಪುಣ್ಯಾತ್ಮರು ಎಡಗಾಲನ್ನು ಬಲಕ್ಕೂ ಬಲಗಾಲನ್ನು ಎಡಕ್ಕೂ ಹಾಕಿದ್ದರು.

ತಗಡಿನ ಮೇಲೆ ಬಣ್ಣ ನಿಲ್ಲಿಸುವುದಕ್ಕೆ ಇನ್ನೂ ಸರಿಯಾದ ಪುಸ್ತಕ ಸಿಕ್ಕಿಲ್ಲ. ನಿಮಗೆ ತಿಳಿದಿದ್ದರೆ ಹೇಳಿ.

ಗು. ಮೇ.


14 ಫೆಬ್ರವರಿ

ಮೇಸ್ತ್ರಿಗಳೇ,

ಮಿಡತೆಗೆ ಕೀಟಗಳ ಕೈಪಿಡಿ! ಅಂಗಡಿಯಲ್ಲಿ ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ. ನಿಮ್ಮ ಮೇಲೆ ಅನುಮಾನ ಇಟ್ಟುಕೊಂಡೇ ಕಾಗದ ಒಡೆದವನು ನಾನು. ಮುಚ್ಚುವಾಗ ಸ್ವಲ್ಪ ಕಡಿಮೆಯಾಗಿತ್ತು.

ಬಣ್ಣಕ್ಕೆ "ಬೋರ್ಡು ಬರೆಯುವವರ ಕೈಪಿಡಿ" ಹುಡುಕಿ. ಎರಡನೆಯ ಮುದ್ರಣವೇ ಆಗಬೇಕು. ಮೂರನೆಯದರಲ್ಲಿ ಯಾರೋ ಬುದ್ಧಿವಂತರು ತಗಡಿನ ಅಧ್ಯಾಯ ತೆಗೆದು ಪ್ಲಾಸ್ಟಿಕ್ ಹಾಕಿದ್ದಾರೆ. ಹೊಸ ಮುದ್ರಣವೇ ಒಳ್ಳೆಯದು ಅಂದುಕೊಳ್ಳುವವರು ಹೊಸ ಚಪ್ಪಲಿ ಹಾಕಿಕೊಂಡು ದೂರ ಹೊರಟವರ ಹಾಗೆ.

ನನ್ನ ಕಸುಬು ಶುರುವಾದದ್ದು ರದ್ದಿಯಲ್ಲಿ. ಊರೂರು ಅಲೆದು ಹಳೆ ಕಾಗದ ಕೊಂಡು ತೂಕಕ್ಕೆ ಹಾಕುತ್ತಿದ್ದೆ. ಒಂದು ದಿನ ಮೂಟೆಯಲ್ಲಿ ನೀರಿನ ಪಂಪಿನ ಬಿಡಿಭಾಗಗಳ ಪುಸ್ತಕ ಸಿಕ್ಕಿತು. ಪಂಪಿನವನಿಗೆ ತೋರಿಸಿದೆ. ಆತ ಕೈಗೆ ಅಂಟಿದ್ದ ಗ್ರೀಸು ಒರೆಸಿಕೊಂಡು ಎರಡು ಕೈಯಲ್ಲಿ ಇಸಕೊಂಡ. "ಇದನ್ನ ಎಂಟು ವರ್ಷದಿಂದ ಹುಡುಕ್ತಿದ್ದೆ ಮಾರಾಯ" ಅಂದ. ಆ ಮುಖ ನೋಡಿದ ಮೇಲೆ ತಕ್ಕಡಿ ಬಿಟ್ಟೆ. ಒಬ್ಬರಿಗೆ ರದ್ದಿಯಾದದ್ದು ಇನ್ನೊಬ್ಬರಿಗೆ ದಾರಿ. ಆ ಇನ್ನೊಬ್ಬರು ಯಾರು ಅಂತ ತಿಳಿದಿರುವುದೇ ಈ ವ್ಯಾಪಾರ.

ಪುಸ್ತಕ ಆರಿಸುವುದು ಹೇಗೆ ಅಂತ ಕೇಳುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ. ಮುನ್ನುಡಿ ಬಿಡಿ, ಚಿತ್ರ ಬಿಡಿ. ಹಿಂದಿನ ಸೂಚಿ ತೆಗೆದು ನಿಮಗೆ ಚೆನ್ನಾಗಿ ಗೊತ್ತಿರುವುದೊಂದನ್ನು ಹುಡುಕಿ ನೋಡಿ. ಅದರಲ್ಲೇ ತಪ್ಪಿದ್ದರೆ, ಗೊತ್ತಿಲ್ಲದ ನೂರರಲ್ಲೂ ತಪ್ಪಿರುತ್ತದೆ. ಮುಚ್ಚಿ ವಾಪಸು ಕೊಡಿ.

ಈಗ ವಿಷಯಕ್ಕೆ ಬರುತ್ತೇನೆ. ಮೊದಲ ಮುದ್ರಣದ ನಿಮ್ಮ ನಮೂದು ಹೀಗಿದೆ:

"ಗುಬ್ಬಚ್ಚಿ ಮೇಸ್ತ್ರಿ. ವಯಸ್ಸು ಅರವತ್ತೈದು, ಕೈ ಗಟ್ಟಿ. ಅವಸರದವರು ಕಳಿಸಬೇಡಿ. ಮಕ್ಕಳು ಈಗಲೂ ಆಡುವ ಆಟಿಕೆಗೆ ಮೊದಲ ಸರದಿ, ಕಪಾಟಿನ ಆಟಿಕೆಗೆ ಆಮೇಲೆ. ರಿಪೇರಿ ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಕಾಗದ ಬರೆಯುತ್ತಾರೆ."

ಆಗ ಅರವತ್ತೈದಾದರೆ ಈಗ ತೊಂಬತ್ತಾರು. ನನಗೆ ಎಪ್ಪತ್ತೆರಡಕ್ಕೇ ಅಂಗಿಯ ಗುಂಡಿ ಸಿಗುತ್ತಿಲ್ಲ, ನೀವು ಮಿಡತೆಯ ಕಾಲು ಜೋಡಿಸುತ್ತಿದ್ದೀರಿ. ಹೊಟ್ಟೆಕಿಚ್ಚಾಗುತ್ತಿದೆ. ನೆರೆಮನೆಯವರೊಬ್ಬರಿಂದ ಎರಡು ಸಾಲು ಬರೆಸಿ ಕಳಿಸಿ: "ಈ ಮನೆಯಲ್ಲಿ ಈ ಮೇಸ್ತ್ರಿ ಇರುವುದನ್ನು ಕಣ್ಣಾರೆ ಕಂಡಿದ್ದೇವೆ." ಅಷ್ಟು ಬಂದರೆ ನಮೂದು ಉಳಿಯುತ್ತದೆ.

ಪಟ್ಟಿ


22 ಮಾರ್ಚ್

ಮೇಸ್ತ್ರಿಗಳೇ,

ಐದು ವಾರವಾಯಿತು. ಮೌನವೂ ಒಂದು ಉತ್ತರ ಅಂತ ಲೆಕ್ಕ ಹಾಕುವವನು ನಾನು. ಏಪ್ರಿಲ್ ಹದಿನೈದರವರೆಗೆ ಕಾಯುತ್ತೇನೆ. ಆಮೇಲೆ ಕೆಂಪು ಪೆನ್ಸಿಲು.

ಪಟ್ಟಿ


5 ಏಪ್ರಿಲ್

ಪಟ್ಟಿಯವರಿಗೆ,

ಆ ಎರಡು ಸಾಲನ್ನು ಯಾರೂ ಬರೆದುಕೊಡುವುದಿಲ್ಲ. ನಾನು ಮೇಸ್ತ್ರಿ ಅಲ್ಲ. ಹೆಂಗಸು. ವಯಸ್ಸು ಐವತ್ತು. ಹೊಲಿಗೆ ಯಂತ್ರದ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಎಲ್ಲರೂ ಸೂಜಿ ಅನ್ನುತ್ತಿದ್ದರು. ಸಣ್ಣಗಿದ್ದೆ, ಮಾತೂ ಚುಚ್ಚುತ್ತಿತ್ತಂತೆ.

ನಮ್ಮಪ್ಪ ಗಾರೆ ಕೆಲಸದವರು. ಈ ಬೀದಿ ಬರೀ ಮೆಟ್ಟಿಲು. ಮೇಲೆ ನಲವತ್ತನೇ ಮನೆಗೆ ಮುಗಿಯುತ್ತಿತ್ತು, ಅದರಾಚೆ ನೀರಿನ ಟ್ಯಾಂಕಿನ ಗೋಡೆ. ಅಪ್ಪ ಆ ಗೋಡೆಗೆ ಆನಿಸಿ ಎರಡು ಕೋಣೆ ಕಟ್ಟಿದರು. ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ತಾವೇ 41 ಅಂತ ಬರೆದರು. "ನಲವತ್ತರ ಮುಂದೆ ನಲವತ್ತೊಂದು. ಇದಕ್ಕೆ ಯಾರ ಅಪ್ಪಣೆ ಬೇಕು?" ಅಂದರು. ಆ ಬಣ್ಣ ಒಣಗುವ ಮೊದಲೇ ಅಂಚೆಯವರು ಏದುಸಿರು ಬಿಡುತ್ತ ಒಂದು ಪೊಟ್ಟಣ ತಂದರು.

"ಇಲ್ಲಿ ಗುಬ್ಬಚ್ಚಿ ಮೇಸ್ತ್ರಿ ಯಾರ್ರೀ?"

"ಮೇಸ್ತ್ರಿ ನಾನೇ. ಗುಬ್ಬಚ್ಚಿ ಅಲ್ಲ" ಅಂದರು ಅಪ್ಪ.

"ಅರ್ಧ ಸರಿ ಇದೆಯಲ್ಲ, ಸಾಕು. ಯಾರೋ ಒಬ್ರು ತಗೊಳ್ಳಿ. ನನ್ನ ಮಂಡಿ ಇನ್ನೊಂದ್ಸಲ ಹತ್ತಲ್ಲ."

ಒಳಗೆ ತಗಡಿನ ಟ್ರ್ಯಾಮ್ ಇತ್ತು. ಜೊತೆಗೆ ಒಬ್ಬ ಟ್ರ್ಯಾಮ್ ಕಂಡಕ್ಟರ ಬರೆದ ಚೀಟಿ. "ಅವಸರ ಇಲ್ಲ. ಆದರೆ ಇದು ಕಪಾಟಿನದಲ್ಲ. ಮಗಳು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ." ವಾಪಸು ಕಳಿಸಬೇಕು ಅಂತಲೇ ಇದ್ದೆ. ಕಳಿಸುವ ಮುಂಚೆ ಒಂದು ಸಲ ಬಿಚ್ಚಿ ನೋಡೋಣ ಅನ್ನಿಸಿತು. ಸ್ಪ್ರಿಂಗು ಕೊಕ್ಕೆಯಿಂದ ಜಾರಿತ್ತು. ಹೊಲಿಗೆ ಯಂತ್ರದಲ್ಲಿ ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದ ತೊಂದರೆ. ತಲೆಯ ಪಿನ್ನು ತೆಗೆದು ಎಳೆದು ಕೂರಿಸಿದೆ. ಟ್ರ್ಯಾಮ್ ಮೇಜಿನ ಈ ತುದಿಯಿಂದ ಆ ತುದಿಗೆ ಓಡಿ ಅಪ್ಪನ ಊಟದ ತಟ್ಟೆಗೆ ಗುದ್ದಿತು.

ಆಮೇಲೆ ಇನ್ನೊಂದು ಬಂತು. ಯಾರು ಈ ಮೇಸ್ತ್ರಿ ಅಂತ ಒಂದರಿಂದ ನಲವತ್ತರವರೆಗೆ ಎಲ್ಲ ಬಾಗಿಲೂ ತಟ್ಟಿದೆ. ಯಾರಿಗೂ ಗೊತ್ತಿರಲಿಲ್ಲ. ವಾಚನಾಲಯದಲ್ಲಿ ನಿಮ್ಮ ಪುಸ್ತಕ ತೆಗೆದು ಆ ನಾಲ್ಕು ಸಾಲು ಓದಿದೆ. ಇಲ್ಲೇ ಎಲ್ಲೋ ಇದ್ದು ಬಿಟ್ಟುಹೋದವರಿರಬೇಕು, ಇವತ್ತಲ್ಲ ನಾಳೆ ಬರುತ್ತಾರೆ, ಅಲ್ಲಿಯವರೆಗೆ ಅವರ ಹೆಸರು ಕೆಡದ ಹಾಗೆ ಮಾಡಿಕೊಡೋಣ ಅಂದುಕೊಂಡೆ. ಇವತ್ತು ನಾಳೆ ಅಂತ ಮೂವತ್ತೊಂದು ವರ್ಷವಾಯಿತು. ಅಪ್ಪ ಹೋದರು. ಈಗ ಅಮ್ಮ, ನಾನು. ಮನೆ ನಡೆಯುವುದು ಆ ಪೊಟ್ಟಣಗಳಿಂದಲೇ. ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾದರೆ ಈಗಲೂ ಕೆಲಸ ನಿಲ್ಲಿಸಿ ಕಿವಿಗೊಡುತ್ತೇನೆ. ಅವರು ಬಂದರೆ ಒಪ್ಪಿಸಲು ಎಲ್ಲ ಬರೆದಿಟ್ಟಿದ್ದೇನೆ, ಯಾರದು, ಏನು ಕೆಟ್ಟಿತ್ತು, ಏನು ಮಾಡಿದೆ. ಎರಡು ಸಾವಿರದ ನೂರ ನಲವತ್ತು ಆಟಿಕೆ, ಹದಿನೇಳು ನೋಟ್‌ಬುಕ್ಕು.

ಗೊತ್ತಿರುವುದೊಂದನ್ನು ಹುಡುಕಿ ನೋಡಿ ಅಂದಿರಿ. ನಿಮ್ಮ ಪುಸ್ತಕದಲ್ಲಿ ನನಗೆ ಗೊತ್ತಿರುವುದು ಒಂದೇ ಮನೆ. ಅದರಲ್ಲೇ ತಪ್ಪಿದೆ, ಆ ತಪ್ಪು ನಾನು. ನೀವು ಅವರನ್ನು ಕಂಡು ಬರೆದವರು. ಎಲ್ಲಿದ್ದಾರೆ, ಅವರ ಮಕ್ಕಳಾದರೂ ಇದ್ದಾರೆಯೇ, ತಿಳಿಸಿ. ನಮೂದು ತೆಗೆದರೆ ಅನ್ಯಾಯ ಅನ್ನಲಾರೆ.

ಸೂಜಿ


12 ಏಪ್ರಿಲ್

ಸೂಜಿಯಮ್ಮನವರಿಗೆ,

ಅಂಚೆ ಕೈಗೆ ಬಂದ ಒಂದು ಗಂಟೆಯೊಳಗೆ ಬರೆಯುತ್ತಿದ್ದೇನೆ. ನೀವು ಕೂತುಕೊಂಡು ಓದಿ.

ಗುಬ್ಬಚ್ಚಿ ಮೇಸ್ತ್ರಿ ಅಂತ ಯಾರೂ ಇಲ್ಲ. ಯಾವತ್ತೂ ಇರಲಿಲ್ಲ. ನಾನು ಕಟ್ಟಿದ ಹೆಸರು ಅದು.

ವಿಳಾಸ ಪುಸ್ತಕ ಮಾಡುವವರಲ್ಲಿ ಒಂದು ಪದ್ಧತಿ ಇದೆ. ವರ್ಷಗಟ್ಟಲೆ ಅಲೆದು ಒಟ್ಟು ಮಾಡಿದ್ದನ್ನು ಇನ್ನೊಬ್ಬ ಒಂದು ಮಧ್ಯಾಹ್ನದಲ್ಲಿ ನಕಲು ಮಾಡಿ ತನ್ನದೆನ್ನುತ್ತಾನೆ. ವಿಳಾಸಕ್ಕೆ ಒಡೆಯ ಯಾರು, ಕದ್ದನೆಂದು ತೋರಿಸುವುದು ಹೇಗೆ? ಅದಕ್ಕೆ ಎಲ್ಲೋ ಒಂದು ಕಡೆ ಇಲ್ಲದ ಮನುಷ್ಯನೊಬ್ಬನನ್ನು ಸೇರಿಸಿಬಿಡುವುದು. ಗಾಳ ಅನ್ನುತ್ತೇವೆ. ಕದ್ದವನ ಪುಸ್ತಕದಲ್ಲೂ ಆ ಮನುಷ್ಯ ಕಂಡರೆ ಸಿಕ್ಕಿಬಿದ್ದ. ನಿಮ್ಮ ಬೀದಿಗೆ ಹಿಂದೊಮ್ಮೆ ರದ್ದಿ ಕೊಳ್ಳಲು ಬಂದಿದ್ದೆ. ನಲವತ್ತಕ್ಕೆ ಮನೆ ಮುಗಿಯುತ್ತದೆಂದು ಎಣಿಸಿ ನೋಡಿದ್ದೆ. ಹಾಗಾಗಿ ನಲವತ್ತೊಂದು. ನಿಮ್ಮಪ್ಪ ಗಾರೆ ಕಲಸಿಕೊಂಡು ನನ್ನ ಲೆಕ್ಕವನ್ನೇ ದಾಟುತ್ತಾರೆಂದು ಯಾರಿಗೆ ಗೊತ್ತಿತ್ತು?

ಗಾಳಕ್ಕೆ ಮೀನೂ ಬಿತ್ತು. ಮೂರನೇ ವರ್ಷ ದೊಡ್ಡ ಪ್ರಕಾಶಕನೊಬ್ಬ ನನ್ನ ಪುಸ್ತಕವನ್ನು ಇಡಿಯಾಗಿ ನುಂಗಿದ. ಅವನ ಕಚೇರಿಗೆ ಹೋಗಿ ಮೇಸ್ತ್ರಿಯ ಹೆಸರಿನ ಮೇಲೆ ಬೆರಳಿಟ್ಟೆ. "ಇವರನ್ನ ಎಲ್ಲಿ ಕಂಡ್ರಿ?"

"ಖುದ್ದು ಭೇಟಿಯಾಗಿದೀವಿ ಸ್ವಾಮಿ. ಭಾರಿ ಒಳ್ಳೆ ಮನುಷ್ಯ!"

ಅಂಥ ಮನುಷ್ಯನೇ ಇಲ್ಲ ಅಂದೆ. ಆತ ತನ್ನ ಪುಸ್ತಕವನ್ನು ಮಾರಾಟದಿಂದ ವಾಪಸು ಪಡೆದ. ಅಷ್ಟರಲ್ಲಿ ಸಾವಿರಾರು ಪ್ರತಿ ಹೋಗಿತ್ತು. ಆ ಜನರೂ ಆಟಿಕೆ ಕಳಿಸಿದ್ದು ನಿಮಗೇ ಇರಬೇಕು. ಆಮೇಲೂ ಗಾಳ ತೆಗೆಯಲಿಲ್ಲ. ಹೊಸ ಕಳ್ಳರು ಬರುತ್ತಲೇ ಇರುತ್ತಾರಲ್ಲ. ರಟ್ಟಿನ ಮೇಲೆ ಮಾತ್ರ ಪ್ರತಿ ನಮೂದನ್ನೂ ಪರಿಶೀಲಿಸಿದ್ದೇನೆ ಅಂತ ಮೀಸೆ ತಿರುವುತ್ತಿದ್ದೆ. ನೀವು ತಪ್ಪೊಪ್ಪಿಕೊಂಡಿರಿ ಅಂತ ನಾನೂ ಒಪ್ಪಿಕೊಳ್ಳುತ್ತಿದ್ದೇನೆ. ಇಲ್ಲದಿದ್ದರೆ ಇದು ನನ್ನ ಜೊತೆಗೇ ಹೋಗುತ್ತಿತ್ತು.

ಈಗ ಸಂತೋಷದ ಸುದ್ದಿ. ನೀವು ಯಾರ ಜಾಗದಲ್ಲೂ ಕೂತಿಲ್ಲ, ಯಾರ ಅನ್ನವನ್ನೂ ಕಸಿದಿಲ್ಲ. ಇನ್ನು ಊರುಗೋಲಿನ ಸದ್ದಿಗೆ ಕಿವಿಗೊಡಬೇಡಿ. ನಿಮ್ಮ ಸ್ವಂತ ಹೆಸರಲ್ಲಿ ನಮೂದು ಹಾಕುತ್ತೇನೆ. ಏನು ಬರೆಯಲಿ, ಮರುಟಪಾಲಿಗೆ ತಿಳಿಸಿ.

ಪಟ್ಟಿ


2 ಮೇ

ಸೂಜಿಯಮ್ಮ,

ಒಳ್ಳೆಯ ಸುದ್ದಿಗೂ ಉತ್ತರ ಬೇಡವೇ? ಅಚ್ಚಿನ ಮೊಳೆ ಜೋಡಿಸುವವರು ನಿಮ್ಮ ಪುಟವನ್ನು ಖಾಲಿ ಇಟ್ಟುಕೊಂಡು ಕೂತಿದ್ದಾರೆ. "ಆ ಪುಟದಲ್ಲಿ ಹಲ್ಲು ಬಿದ್ದಿದೆ" ಅಂತ ದಿನಾ ತಮಾಷೆ ಮಾಡುತ್ತಾರೆ.

ಪಟ್ಟಿ


9 ಮೇ

ಪಟ್ಟಿಯವರಿಗೆ,

ನಿಮ್ಮ ಕಾಗದ ಓದಿ ಸಂತೋಷವಾಗಲಿಲ್ಲ. ಯಾಕೆ ಆಗಲಿಲ್ಲ ಅಂತ ನನಗೇ ತಿಳಿಯಲು ಇಷ್ಟು ದಿನ ಹಿಡಿಯಿತು.

ಹಲ್ಲಿನ ಚಕ್ರ ಸವೆದಿರುತ್ತದೆ. ಅದನ್ನೇ ಉಜ್ಜಿ ಹಾಕಿದರೆ ಒಂದು ವರ್ಷ ಓಡುತ್ತದೆ, ಯಾರಿಗೂ ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಮೇಸ್ತ್ರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ ಅಂದುಕೊಂಡು ಹೊಸದನ್ನು ಕತ್ತರಿಸಿದ್ದೇನೆ. ಕೈಲಾಗದ್ದು ಬಂದಾಗ ಸುಮ್ಮನೆ ಕಟ್ಟಿ ವಾಪಸು ಹಾಕಬಹುದಿತ್ತು. ಅವರು ಬರೆಯುತ್ತಿದ್ದರು ಅಂತ ನಾನೂ ಎರಡೆರಡು ಪುಟ ಬರೆದಿದ್ದೇನೆ. ಅವರ ಮುಖ ಗೊತ್ತಿಲ್ಲ. ಆದರೆ ಅವರಿಗೆ ಯಾವುದು ಹಿಡಿಸುವುದಿಲ್ಲ ಅನ್ನುವುದೆಲ್ಲ ಗೊತ್ತು. ಅವರು ಬಂದುಬಿಟ್ಟಾರು ಅನ್ನುವ ಹೆದರಿಕೆ ಇದ್ದದ್ದು ನಿಜ. ಆದರೆ ಅವರು ಒಂದು ದಿನ ಬಂದು, ಆ ನೋಟ್‌ಬುಕ್ಕುಗಳ ಹಾಳೆ ತಿರುವಿ, "ಪರವಾಗಿಲ್ಲ ಕಣಮ್ಮ" ಅನ್ನಲಿ ಅಂತಲೂ ಇತ್ತು.

ನಾನು ಸಪ್ಪಗಿರುವುದನ್ನು ಅಮ್ಮ ಕಂಡರು. "ಯಾಕೆ ಊಟ ಸೇರ್ತಿಲ್ಲ?"

"ಮೇಸ್ತ್ರಿ ಹೋದರಮ್ಮ."

"ಅಯ್ಯೋ. ಯಾವಾಗ?"

"ಇರಲೇ ಇಲ್ಲವಂತೆ."

"ಇಲ್ಲದವರು ಹೋಗೋದು ಹೇಗೆ? ಸುಮ್ನೆ ಉಣ್ಣು" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೂ ತಟ್ಟೆ ಪಕ್ಕಕ್ಕೆ ಸರಿಸಿದರು. ಮೂವತ್ತೊಂದು ವರ್ಷ ಅವರಿಗೂ ಅಭ್ಯಾಸವಾಗಿತ್ತಲ್ಲ.

ನೀವು ಕಳ್ಳರಿಗೆ ಗಾಳ ಹಾಕಿದಿರಿ. ಬಿದ್ದವಳು ನಾನು. ನಮೂದು ತೆಗೆದುಬಿಡಿ. ನನ್ನ ಹೆಸರೂ ಬೇಡ. ಯಾರಂತೆ ಕೆಲಸ ಮಾಡಬೇಕು ಅಂತ ಈಗ ಗೊತ್ತಿಲ್ಲ.

ಸೂಜಿ


15 ಮೇ

ಸೂಜಿಯಮ್ಮ,

ಏಪ್ರಿಲ್ ಕಾಗದದಲ್ಲಿ ನಾನೊಂದು ಸುಳ್ಳು ಹೇಳಿದ್ದೆ. "ನಾನು ಕಟ್ಟಿದ ಹೆಸರು" ಅಂತ ಬರೆದೆ. ಗಾಳ ಹಾಕುವ ಯೋಚನೆ ನನ್ನದು, ಮನೆ ನಂಬರು ನನ್ನದು. ಮನುಷ್ಯನನ್ನು ಮಾಡಿದವಳು ನನ್ನ ಹೆಂಡತಿ.

ಆಗ ನಮ್ಮದು ಒಂದೇ ಕೋಣೆ. ಅರ್ಧದಲ್ಲಿ ಮಂಚ, ಅರ್ಧದಲ್ಲಿ ವಿಳಾಸದ ಡಬ್ಬಗಳು. ಅವಳು ಕಿಟಕಿಯ ಹತ್ತಿರ ಕೂತು ಅಚ್ಚಿಗೆ ಹೋಗುವ ಪ್ರತಿ ಬರೆಯುತ್ತಿದ್ದಳು. ಮುದ್ರಣಾಲಯದವರು ಬಾಗಿಲಲ್ಲಿ ನಿಂತಿದ್ದರು, ಕೊನೆಯ ಹಾಳೆಗಾಗಿ. ನಾನು ಅಂದೆ: "ಯಾರೋ ಒಬ್ಬ, ಯಾವುದೋ ರಿಪೇರಿ ಅಂತ ಗೀಚಿ ಕೊಡೇ. ಕಳ್ಳನಿಗೆ ತಾನೇ."

ಅವಳು ಪೆನ್ಸಿಲು ಕೆಳಗಿಟ್ಟಳು. "ಸುಳ್ಳು ಮನುಷ್ಯನ್ನ ಮಾಡೋದೇ ಆದ್ರೆ ಒಳ್ಳೆಯವನನ್ನ ಮಾಡೋಣ. ಕೆಟ್ಟವರು ನಿಜವಾಗಿಯೇ ಬೇಕಾದಷ್ಟಿದ್ದಾರೆ."

ನಾಲ್ಕು ಸಾಲಿಗೆ ಅರ್ಧ ದಿನ ತೆಗೆದುಕೊಂಡಳು. ಕಿಟಕಿಯಲ್ಲಿ ಕೂತ ಹಕ್ಕಿಯ ಹೆಸರಿಟ್ಟಳು. ಮುದ್ರಣಾಲಯದವರು ಬೈದುಕೊಂಡು ಹೋದರು. ನಾನೂ ಬೈದೆ. "ಅವಸರದವರು ಕಳಿಸಬೇಡಿ" ಅನ್ನುವ ಸಾಲು ಆಗ ಹುಟ್ಟಿದ್ದು, ನನ್ನ ಮುಖ ನೋಡಿಕೊಂಡೇ ಬರೆದಳು. ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ತಿಳಿಸುವುದು ಅವಳದೇ ಸ್ವಭಾವ. ಗಿರಾಕಿ ಕೇಳಿದ ಪುಸ್ತಕ ನಮ್ಮಲ್ಲಿಲ್ಲದಿದ್ದರೆ ನಾನು "ಇಲ್ಲ" ಅಂದು ಕಳಿಸುತ್ತಿದ್ದೆ. ಅವಳು ಬೀದಿಯ ತಿರುವಿನವರೆಗೆ ಹಿಂದೆ ಹೋಗಿ, ಅಂಥ ಪುಸ್ತಕ ಯಾಕೆ ಯಾರೂ ಮಾಡಿಲ್ಲ, ಅದರ ಬದಲು ಯಾವುದು ನೋಡಬಹುದು ಅಂತ ಹೇಳಿ ಬರುತ್ತಿದ್ದಳು. ಅವಳು ಹೋಗಿ ಹನ್ನೊಂದು ವರ್ಷ.

ಮೇಸ್ತ್ರಿ ಇರಲಿಲ್ಲ ಅಂತ ಬರೆದದ್ದು ನನ್ನ ತಪ್ಪು ಲೆಕ್ಕ. ನಿಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಅವಳೇ. ನಾಲ್ಕು ಸಾಲು ಹಿಡಿದುಕೊಂಡು ನೀವು ಅವಳನ್ನು ತಿಳಿದಷ್ಟು ನಾನು ಒಂದೇ ಕೋಣೆಯಲ್ಲಿದ್ದೂ ತಿಳಿಯಲಿಲ್ಲ. ನಿಮ್ಮ ಕಾಗದದಲ್ಲಿ "ಅವರಿಗೆ ಯಾವುದು ಹಿಡಿಸುವುದಿಲ್ಲ ಅನ್ನುವುದೆಲ್ಲ ಗೊತ್ತು" ಅಂತ ಓದಿದಾಗ ಅಂಗಡಿಯ ಬಾಗಿಲು ಹಾಕಿಕೊಂಡು ಕೂತೆ.

ಈಗ ವ್ಯವಹಾರದ ಮಾತು. ನಾನು ಮುನ್ನುಡಿ ಬರೆದಿದ್ದೇನೆ. ಗಾಳದ ಕಥೆ, ನಿಮ್ಮ ಕಥೆ ಎಲ್ಲ, ಎರಡು ಪುಟ. ಜನ ನಗಲಿ, ಉಗಿಯಲಿ. ನಿಮ್ಮ ನಮೂದು ನನಗೆ ಬೇಕು, ದಯೆಯಿಂದ ಅಲ್ಲ. ಉಳಿದವರನ್ನೆಲ್ಲ ನಾನು ಪರಿಶೀಲಿಸಿದ್ದು ಒಂದು ಕಾರ್ಡಿನಿಂದ. ಎರಡು ಸಾವಿರದ ನೂರ ನಲವತ್ತು ಸಲ ಪರಿಶೀಲನೆಯಾದವರು ಇಡೀ ಪುಸ್ತಕದಲ್ಲಿ ನೀವೊಬ್ಬರೇ.

ಪಟ್ಟಿ


24 ಮೇ

ಪಟ್ಟಿಯವರಿಗೆ,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. "ಹೆಂಗಸೇ ಇರಬೇಕು ಅಂತ ನಂಗೆ ಮೊದಲೇ ಅನುಮಾನ ಇತ್ತು" ಅಂದರು. ಅವರಿಗೆ ಎಲ್ಲದರ ಮೇಲೂ ಮೊದಲೇ ಅನುಮಾನ ಇರುತ್ತದೆ.

ಹೀಗೆ ಹಾಕಿ:

"ಸೂಜಿ. ಮೆಟ್ಟಿಲು ಬೀದಿ, 41. ವಯಸ್ಸು ಐವತ್ತು, ಕೈ ಗಟ್ಟಿ."

ಮುಂದಿನ ಮೂರು ಸಾಲು ಇದ್ದ ಹಾಗೇ ಇರಲಿ. ಒಂದು ಅಕ್ಷರ ಬದಲಿಸಬೇಡಿ. ನಿಮ್ಮ ಹೆಂಡತಿಯವರಿಗೆ ಹಿಡಿಸದೇ ಇದ್ದದ್ದು ಏನೇನು, ಬರೆಯಿರಿ. ನನ್ನ ಪಟ್ಟಿಯೊಂದಿಗೆ ತಾಳೆ ಹಾಕಬೇಕು.

ಸೂಜಿ


18 ಜುಲೈ

ಸೂಜಿಯಮ್ಮ,

ಪುಸ್ತಕ ಬಂತು, ನಿಮಗೊಂದು ಪ್ರತಿ ಬೇರೆ ಕಳಿಸಿದ್ದೇನೆ. ಮಾನ ಹರಾಜಾಗುತ್ತದೆ ಅಂತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಿಂಗಳು ಕಾದೆ. ಒಬ್ಬರೂ ಬರಲಿಲ್ಲ. ಒಬ್ಬರೂ ಬರೆಯಲಿಲ್ಲ. ಕೊನೆಗೆ ಖಾಯಂ ಗಿರಾಕಿಯೊಬ್ಬರನ್ನು ನಾನೇ ಕೇಳಿದೆ, "ಮುನ್ನುಡಿ ಹೇಗಿತ್ತು?" ಅಂತ. "ಮುನ್ನುಡಿ ಇದೆಯಾ?" ಅಂದರು.

ತಮ್ಮನ ಮಗಳು ಬಿದ್ದೂ ಬಿದ್ದೂ ನಕ್ಕಳು. "ಮುನ್ನುಡಿ ಬಿಟ್ಟು ಹಿಂದಿನಿಂದ ತೆಗೀರಿ ಅಂತ ಐವತ್ತು ವರ್ಷ ಊರಿಗೆಲ್ಲ ಪಾಠ ಮಾಡಿದ್ದು ಯಾರು ದೊಡ್ಡಪ್ಪ?"

ನನ್ನ ಹೆಂಡತಿಗೆ ಹಿಡಿಸದೇ ಇದ್ದದ್ದು: ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸುವವರು. "ಇತ್ಯಾದಿ" ಅನ್ನುವ ಪದ. ಮುರಿದ ಸಾಮಾನನ್ನು ತಂದುಕೊಡುವಾಗ ಮಕ್ಕಳನ್ನು ಬೈಯುವ ಅಪ್ಪಂದಿರು. ಇನ್ನೂ ಇದೆ, ನೆನಪಾದ ಹಾಗೆ ಬರೆಯುತ್ತೇನೆ.

ಪಟ್ಟಿ


11 ಆಗಸ್ಟ್

ಪಟ್ಟಿಯವರಿಗೆ,

ಮೂರಕ್ಕೆ ಮೂರೂ ನನ್ನ ಪಟ್ಟಿಯಲ್ಲಿವೆ.

ನಿಮ್ಮ ಮುನ್ನುಡಿ ಇಲ್ಲೂ ಯಾರೂ ಓದಿಲ್ಲ. ಪುಸ್ತಕದಲ್ಲಿ ಮೇಸ್ತ್ರಿಯ ಹೆಸರು ಹೋಗಿ, ಅದೇ ಮನೆಯಲ್ಲಿ ನನ್ನದು ಬಂದಿರುವುದನ್ನು ಮಾತ್ರ ನೋಡಿದ್ದಾರೆ. ಈ ತಿಂಗಳು ಏಳು ಪೊಟ್ಟಣ ಬಂದವು. ಐದರಲ್ಲಿ ಸಂತಾಪದ ಕಾಗದ. ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ಡೋಲು ಬಡಿಯುವ ಕರಡಿಯನ್ನು ಕಳಿಸಿ ಬರೆದಿದ್ದಾರೆ: "ಮೇಸ್ತ್ರಿಯವರು ತೀರಿಕೊಂಡದ್ದು ಪುಸ್ತಕ ನೋಡಿ ತಿಳಿಯಿತು. ನನ್ನ ಕರಡಿಗೆ ಎರಡು ಸಲ ಜೀವ ಕೊಟ್ಟವರು. ಅಂಥ ಕೈ ಇನ್ನು ಹುಟ್ಟುವುದಿಲ್ಲ. ನೀವು ಮಗಳೋ ಸೊಸೆಯೋ ತಿಳಿಯದು. ಅವರಷ್ಟು ಚೆನ್ನಾಗಿ ಆಗದಿದ್ದರೂ ಪರವಾಗಿಲ್ಲ, ಪ್ರಯತ್ನ ಮಾಡಿ."

ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು.

ಕರಡಿಯ ಬೆನ್ನು ಬಿಚ್ಚಿದೆ. ಹನ್ನೆರಡು ವರ್ಷದ ಹಿಂದಿನ ನನ್ನದೇ ಕೆಲಸ ಕಂಡಿತು. ಎಡಗೈಯ ತಂತಿಯನ್ನು ಒಂದು ಕೂದಲೆಳೆ ಗಿಡ್ಡ ಕತ್ತರಿಸಿದ್ದೆ. ಅದಕ್ಕೇ ಇಷ್ಟು ವರ್ಷ ಎಡಗೈ ತಡವಾಗಿ ಬಡಿಯುತ್ತಿತ್ತು. ಆ ಕರಡಿಯ ಗುಣವೇ ಹಾಗೆ ಅಂದುಕೊಂಡಿದ್ದರಂತೆ ಅವರು. ತಂತಿ ತೆಗೆದು ಹೊಸದು ಹಾಕಿದೆ. ಈಗ ಎರಡು ಕೈಯೂ ಸಮವಾಗಿ ಬಡಿಯುತ್ತವೆ.

ಅವರಿಗೆ ಹೀಗೆ ಬರೆದು ಪೊಟ್ಟಣದಲ್ಲಿಟ್ಟೆ: "ನಿಮ್ಮ ಕರಡಿ ಸರಿಯಾಗಿದೆ. ಮೇಸ್ತ್ರಿ ಮಾಡಿದ್ದ ತಪ್ಪೊಂದಿತ್ತು, ಅದನ್ನೂ ತಿದ್ದಿದ್ದೇನೆ."

ಸೂಜಿ